ಫ್ರೆಂಚ್ ಕಾರಿನ ಹಿಂದಿನ ಸೀಟು

1988ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ತರಗತಿ ಇನ್ನೂ ಅರ್ಧವಾಗಿತ್ತು. ಯಾರೂ ಬಿಡಿಸಿದ್ದಲ್ಲ. ಮಂಗಳೂರಿನಲ್ಲಿ ನಾನು ಶಾಲೆಗೆ ಹೋಗುವ ದಾರಿಯಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡೊಂದಿತ್ತು. ಒಂದು ದಿನ ನೋಡಲೆಂದು ಒಳಗೆ ಹೋದವನು ಅಲ್ಲೇ ಉಳಿದೆ. ಕಲಿತದ್ದು ಕುಶನ್ ಕೆಲಸ. ತೆಂಗಿನ ನಾರನ್ನು ಬಿಡಿಸಿ, ಬಡಿದು, ಸ್ಪ್ರಿಂಗಿನ ಮೇಲೆ ಗೋಣಿ ಹಾಸಿ, ನಾರು ತುಂಬಿ, ರೆಕ್ಸಿನ್ ಎಳೆದು ಹೊಲಿಯಬೇಕು. ಘಾಟಿ ಹತ್ತಿ ಇಳಿಯುವ ಬಸ್ಸಿನಲ್ಲಿ ಕೂತವರ ಸೊಂಟ ಉಳಿಯುವುದು ಡ್ರೈವರನಿಂದಲ್ಲ, ಕುಶನ್ನಿನವನಿಂದ. ನಾನು ಹೊಲಿದ ಸೀಟು ಕುಗ್ಗಿತು ಎಂದು ಇದುವರೆಗೆ ಒಬ್ಬನೂ ವಾಪಸು ತಂದಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ.

2014ರ ಹೊತ್ತಿಗೆ ನಾನು ದುಬೈಯ ಅಲ್ ಕೂಝ್‌ನಲ್ಲಿದ್ದೆ. ಶ್ರೀಮಂತರ ಹಳೆಯ ಕಾರುಗಳನ್ನು ರಿಪೇರಿ ಮಾಡಿ ಮಾರುವ ಗ್ಯಾರೇಜು ಅದು, ಅಲ್ಲಿ ಕುಶನ್ ವಿಭಾಗವೆಂದರೆ ನಾನೊಬ್ಬನೇ. ಹೆಂಡತಿ ಮತ್ತು ಒಂಬತ್ತನೇ ಕ್ಲಾಸಿನ ಮಗಳು ಅಲ್ ನಹ್ದಾದ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದರು. ಅವರ ವೀಸಾ ನನ್ನದರ ಮೇಲೆ, ನನ್ನದು ಗ್ಯಾರೇಜಿನ ಮೇಲೆ. ಒಂದು ಹೋದರೆ ಮೂರೂ ಖಲಾಸ್. ಗಲ್ಫಿನಲ್ಲಿ ಸಂಸಾರ ಮಾಡುವವರೆಲ್ಲ ಇದನ್ನು ತಲೆಯಲ್ಲಿಟ್ಟುಕೊಂಡೇ ಬಾಯಿ ತೆರೆಯುತ್ತಾರೆ.

ಆ ವರ್ಷ ಯುರೋಪಿನಿಂದ ಕಂಟೇನರಿನಲ್ಲಿ ಒಂದು ಫ್ರೆಂಚ್ ಕಾರು ಬಂತು. ನೂರು ವರ್ಷ ಹಳೆಯದು. ಮುಂಭಾಗ ಪೂರ್ತಿ ಉರುಟು, ಹಂಡೆಯನ್ನು ಅಡ್ಡ ಮಲಗಿಸಿದ ಹಾಗೆ. ನಮ್ಮ ಮ್ಯಾನೇಜರು ಕುಂದಾಪುರ ಕಡೆಯವರು. ಅವರಿಗೆ ತುಳು ಬರುತ್ತಿರಲಿಲ್ಲ, ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲಿ. ನೋಡಲು ಬಂದ ಪ್ರತಿಯೊಬ್ಬ ಗಿರಾಕಿಗೂ ಅವರು ಆ ಕಾರಿನ ಪುರಾಣ ಹೇಳುತ್ತಿದ್ದರು. ಕೇಳಿ ಕೇಳಿ ನನಗೂ ಬಾಯಿಪಾಠವಾಯಿತು. ಇದನ್ನು ಮಾಡಿದ ಕಂಪನಿ ಮೊದಲು ಹಡಗುಗಳಿಗೆ ಬಾಯ್ಲರ್ ಮಾಡುತ್ತಿತ್ತು. ಆ ಮನೆಯ ಅಳಿಯ ಮಾವನ ಹೆಸರನ್ನು ತನ್ನ ಹೆಸರಿಗೆ ಅಂಟಿಸಿಕೊಂಡು ಕಾರ್ಖಾನೆ ನಡೆಸಿದ. ಕಾರುಗಳ ಕಾಲ ಬಂದಾಗ ಕಾರು ಮಾಡಿದರು, ಬಾಯ್ಲರಿನ ನೆನಪಿಗೆ ಮೂತಿಯನ್ನು ಉರುಟಾಗಿಯೇ ಇಟ್ಟರು. ಎಂಜಿನ್ ಓಡುವುದೇ ಕೇಳಿಸುತ್ತಿರಲಿಲ್ಲ. ಯುರೋಪಿನ ರಾಜರು ಸಾಲು ನಿಂತು ಕೊಂಡರು, ರಷ್ಯಾದ ಚಕ್ರವರ್ತಿಯೂ ಕೊಂಡ. ಪುರಾಣ ಚಕ್ರವರ್ತಿಯ ಹತ್ತಿರ ಬಂದಾಗ ಮ್ಯಾನೇಜರು ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, "ಪ್ಯಾರಿಸಿನಲ್ಲಿ ಹೊಲಿದ ಸೀಟು ಸರ್. ಇವತ್ತಿನವರೆಗೆ ಯಾರೂ ಬಿಚ್ಚಿಲ್ಲ" ಎನ್ನುತ್ತಿದ್ದರು.

ಮನೆಯಲ್ಲಿ ಮಗಳಿಗೆ ಇದನ್ನು ಹೇಳಿದೆ. ಅವಳು ಫೋನಿನಲ್ಲಿ ಹುಡುಕಿ ಓದತೊಡಗಿದಳು.

"ಪಪ್ಪಾ, ದೇರ್ ಈಸ್ ಮೋರ್. ನಿಮ್ಮ ಮ್ಯಾನೇಜರ್ ಅರ್ಧವೇ ಹೇಳಿದ್ದು."

ಉಳಿದರ್ಧ ಹೀಗಿತ್ತು. ಮೊದಲನೇ ಮಹಾಯುದ್ಧ ಬಂತು, ರಷ್ಯಾದಲ್ಲಿ ಕ್ರಾಂತಿಯಾಯಿತು, ಕೊಳ್ಳುವ ರಾಜರೇ ಉಳಿಯಲಿಲ್ಲ. ಬೇರೆ ಕಂಪನಿಗಳು ಇದಕ್ಕಿಂತ ಚೆನ್ನಾಗಿ ಕಾರು ಮಾಡಿದವು. ಇವರು ಲಾರಿ ಮಾಡಿದರು, ಮಿಲಿಟರಿ ವಾಹನ ಮಾಡಿದರು. ಕೊನೆಗೆ ಆ ಕಾರ್ಖಾನೆ ಬೇರೆಯವರ ಕೈಗೆ ಹೋಗಿ, ರಾಜರ ಕಾರು ಹೊರಬರುತ್ತಿದ್ದ ಜಾಗದಲ್ಲಿ ಇಬ್ಬರು ಕೂರುವ ಪುಟಾಣಿ ಕಾರು ತಯಾರಾಯಿತು. ನನಗೆ ಈ ಅರ್ಧವೇ ಹೆಚ್ಚು ಹಿಡಿಸಿತು. ಲಾರಿ ಮಾಡುವುದರಲ್ಲಿ ಏನು ಅವಮಾನ? ಮರುದಿನ ಮ್ಯಾನೇಜರಿಗೆ ಹೇಳಿದರೆ ಅವರು, "ಅದನ್ನು ಹೇಳಿದ್ರೆ ಯಾರು ತಕೊಳ್ತಾರೆ? ಮದುವೆ ಮನೆಯಲ್ಲಿ ಮದುಮಗನ ಅಜ್ಜ ಹೇಗೆ ಸತ್ತ ಅಂತ ಹೇಳ್ತಾರಾ?" ಎಂದು ನಕ್ಕರು.

ಕಾರನ್ನು ಅಬುಧಾಬಿಯ ಒಬ್ಬರು ಕೊಳ್ಳುವುದೆಂದಾಯಿತು. ಅವರು ಬಾಂಬೆ ಕಡೆಯ ವ್ಯಾಪಾರಿ, ಅಲ್ ರೀಮ್ ಐಲ್ಯಾಂಡಿನಲ್ಲಿ ಮನೆ. ಹಿಂದಿನ ಸೀಟಿನ ಒಂದು ಹೊಲಿಗೆ ಬಿಟ್ಟಿತ್ತು, ಕೂತರೆ ಒಂದು ಬದಿಗೆ ವಾಲುತ್ತಿತ್ತು. ಬಿಚ್ಚಿ ಸರಿಮಾಡಲು ಮ್ಯಾನೇಜರೇ ಹೇಳಿದರು.

ಚರ್ಮ ಎತ್ತಿದೆ. ಪ್ಯಾರಿಸಿನವರು ತುಂಬುವುದು ಕುದುರೆ ಕೂದಲು, ಇಲ್ಲಿ ಒಳಗೆ ತೆಂಗಿನ ನಾರು. ಸ್ಪ್ರಿಂಗುಗಳನ್ನು ಒಂದಕ್ಕೊಂದು ಕಟ್ಟಿದ್ದೂ ನಾರಿನ ಹುರಿಯಿಂದ, ನಮ್ಮ ಶೆಡ್ಡಿನಲ್ಲಿ ಕಟ್ಟುತ್ತಿದ್ದ ಹಾಗೆಯೇ. ಮೂಲೆಯಲ್ಲಿ ನಾರನ್ನು ಸ್ವಲ್ಪ ಹೆಚ್ಚು ಒತ್ತಿದ್ದ, ಅಲ್ಲೇ ಮೊದಲು ಕುಗ್ಗುತ್ತದೆಂದು ಗೊತ್ತಿದ್ದವನ ಕೈ. ಆ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿದೆ. ನಮ್ಮ ಕಡೆಯ ಯಾರೋ ಒಬ್ಬ, ನಾನು ಹುಟ್ಟುವ ಮೊದಲೇ, ಇದೇ ಸೀಟಿನ ಮೇಲೆ ಬಗ್ಗಿ ಬೆನ್ನು ನೋಯಿಸಿಕೊಂಡಿದ್ದ.

ಮ್ಯಾನೇಜರನ್ನು ಕರೆದು ತೋರಿಸಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಗೊತ್ತುಂಟು ಮಾರಾಯ. ಹಿಂದೆ ಇಂಡಿಯಾದಲ್ಲಿ ಯಾವುದೋ ರಾಜನ ಶೆಡ್ಡಿನಲ್ಲಿ ಇತ್ತಂತೆ. ಅದನ್ನೆಲ್ಲ ತೆಗೆದು ಕುದುರೆ ಕೂದಲು ತುಂಬಿಸು. ಚರ್ಮ ಅದೇ ಇರಲಿ."

"ತುಂಬಿಸುವ ಸರ್. ಹೊಸ ಕೂದಲು ತರಿಸಿ."

"ಹೊಸತು ಯಾಕೆ? ಮೂಗು ಹಾಕಿ ನೋಡ್ತಾರೆ ಈ ಗಿರಾಕಿಗಳು. ಹಳೇ ವಾಸನೆ ಬರ್ಬೇಕು."

ಎರಡು ದಿನ ಬಿಟ್ಟು ಶಾರ್ಜಾದ ಗುಜರಿಯಿಂದ ಎರಡು ಹಳೆಯ ಸೋಫಾ ಬಂದವು. ಯಾವುದೋ ಬಿಳಿಯರ ವಿಲ್ಲಾದವು. ಕತ್ತರಿ ಹಾಕಿದಾಗ ಹೊರಬಂದ ಕೂದಲು ಮುದ್ದೆ ಮುದ್ದೆಯಾಗಿ ಅಂಟಿಕೊಂಡಿತ್ತು. ನಾಯಿಯೋ ಮಗುವೋ ಮಾಡಿದ ಒದ್ದೆಯ ಹಳದಿ ಕಲೆ, ಒಣಗಿದ ತಿಗಣೆಗಳ ಸಿಪ್ಪೆ, ಒಂದು ಕಡೆ ಯಾರದೋ ಉಗುರಿನ ಚೂರು. ತೊಳೆದು ಒಣಗಿಸುತ್ತೇನೆಂದರೆ ಮ್ಯಾನೇಜರು ಬಿಡಲಿಲ್ಲ, ತೊಳೆದರೆ ವಾಸನೆ ಹೋಗುತ್ತದಂತೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ತುಂಬಿಸಿದೆ. ಅಂಥ ಕಾರಿಗೆ ಕುದುರೆ ಕೂದಲೇ ಸರಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ದಿನ ಊಟದ ಬುತ್ತಿಯ ಮುಚ್ಚಳ ತೆರೆದು ಹಾಗೆಯೇ ಮುಚ್ಚಿದೆ. ಕೈ ಎಷ್ಟು ತೊಳೆದರೂ ಬೆರಳಿನಿಂದ ಬಾಯಿಗೆ ಅನ್ನ ಹೋಗಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಸೀಟು ಹೊಲಿದಾದ ಮೇಲೆ ಮ್ಯಾನೇಜರು ಒಳಗೆ ಕೂತು, ಗಾಜು ಏರಿಸಿ, ದಪ್ಪ ಸಿಗಾರ್ ಸೇದತೊಡಗಿದರು. ನಾಲ್ಕು ದಿನ ಇದೇ ಕೆಲಸ. ರಾಜರ ಹೊಗೆಯ ವಾಸನೆ ಚರ್ಮಕ್ಕೆ ಹಿಡಿಯಬೇಕಲ್ಲ. ಕೆಮ್ಮಿ ಕೆಮ್ಮಿ ಕಾಗದದ ಚಹಾ ಲೋಟಕ್ಕೆ ಉಗುಳುತ್ತಿದ್ದರು, ಇಳಿಯುವಾಗ ಆ ಲೋಟವನ್ನು ಕಾರಿನ ಮೆಟ್ಟಿಲ ಮೇಲೆಯೇ ಬಿಟ್ಟು ಹೋಗುತ್ತಿದ್ದರು. ಅದನ್ನು ಎತ್ತಿ ಎಸೆದವನು ನಾನು. ಅದರೊಳಗಿನದ್ದನ್ನು ಬರೆಯಲಾರೆ.

ಕಾರು ಒಪ್ಪಿಸುವ ಹಿಂದಿನ ದಿನ ಮ್ಯಾನೇಜರು ನನ್ನನ್ನು ಬದಿಗೆ ಕರೆದರು.

"ನಾಳೆ ನೀನೂ ಬರ್ಬೇಕು. ಸೀಟಿನ ಬಗ್ಗೆ ಕೆಲಸದವನ ಬಾಯಿಂದಲೇ ಕೇಳ್ಬೇಕಂತೆ ಅವರಿಗೆ. ಮೇಲಿಂದ ಎಣ್ಣೆ ಒರಸಿದ್ದು ಬಿಟ್ರೆ ಎಂತದೂ ಮಾಡಿಲ್ಲ ಅಂತ ಹೇಳು."

"ನಾನು ಮಾಡಿದ್ದನ್ನು ಮಾಡಿಲ್ಲ ಅಂತ ನಾನೇ ಹೇಳುದಾ?"

"ಹೇಳಿದ್ರೆ ಎಂತ, ನಿನ್ನ ನಾಲಿಗೆ ಸವೀತದಾ? ಮಗಳು ಶಾಲೆಗೆ ಹೋಗ್ತಾಳಲ್ಲ ಇಲ್ಲಿ? ಹೋಗ್ಲಿ ಪಾಪ."

ಮಗಳ ಮಾತು ಅವರ ಬಾಯಿಗೆ ಬಂದದ್ದೇ ನಾನು ಅಲ್ಲಿಂದ ಹೊರಟೆ. ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ ಅಂದಳು: "ಒಂದು ಸುಳ್ಳಲ್ವಾ ಮಾರಾಯ್ರೆ. ಅವಳ ಒಂಬತ್ತನೇ ಕ್ಲಾಸ್ ಮುಗೀಲಿ. ಆಮೇಲೆ ಬೇಕಾದಷ್ಟು ಸತ್ಯ ಹೇಳಿ."

ಅವಳು ಹೇಳಿದ್ದು ಸರಿ ಎಂದು ನನಗೆ ಆಗಲೂ ಗೊತ್ತಿತ್ತು. ಸುಮ್ಮನಿರುವುದೆಂದೇ ನಿರ್ಧರಿಸಿ ಹೋದೆ.

ಅಲ್ ರೀಮ್‌ನ ಗೋಪುರದ ಕೆಳಗೆ, ತಣ್ಣಗಿನ ಪಾರ್ಕಿಂಗಿನಲ್ಲಿ ಕಾರು ಇಳಿಸಿದೆವು. ವ್ಯಾಪಾರಿ ವಯಸ್ಸಾದವರು, ಮಾತು ಮೃದು. ಹಿಂದಿನ ಸೀಟಿನಲ್ಲಿ ಕೂತು, ಚರ್ಮ ಮೂಸಿ, ಕಣ್ಣು ಮುಚ್ಚಿದರು. ಆ ಚರ್ಮದ ಕೆಳಗೆ ಏನಿದೆ ಎಂದು ಗೊತ್ತಿದ್ದ ನಾನು ಬೇರೆ ಕಡೆ ನೋಡಿದೆ. ಆಮೇಲೆ ಅವರು ಹಿಂದಿಯಲ್ಲಿ ನನ್ನನ್ನೇ ಕೇಳಿದರು.

"ಹೇಳಿ ಉಸ್ತಾದ್. ಇದಕ್ಕೆ ಯಾರಾದರೂ ಕೈ ಹಾಕಿದ್ದಾರಾ?"

ಉಸ್ತಾದ್ ಎಂದು ಕರೆಸಿಕೊಂಡು, ನಾನು ಬರೀ ಎಣ್ಣೆ ಒರಸುವವನು ಎಂದು ಹೇಗೆ ಹೇಳುವುದು?

"ಬಿಚ್ಚಿದ್ದೇನೆ ಸಾಹೇಬ್ರೆ. ತುಂಬಿದವನೂ ಹೊಲಿದವನೂ ನಾನೇ. ನನಗಿಂತ ಮೊದಲು ಇಂಡಿಯಾದ ಒಬ್ಬ ನಾರು ತುಂಬಿದ್ದ. ಅವನದ್ದು ಒಳ್ಳೇ ಕೆಲಸ."

ಮ್ಯಾನೇಜರ ಮುಖ ಸುಣ್ಣವಾಯಿತು. ವ್ಯಾಪಾರಿ ಈಗ ಕಾರು ಬೇಡವೆನ್ನುತ್ತಾರೆ ಎಂದುಕೊಂಡೆ. ಅವರು ನಗುತ್ತಾ ಕೆಳಗಿಳಿದು, ಮ್ಯಾನೇಜರ ಹೆಗಲಿಗೆ ಕೈ ಹಾಕಿ, ಕಂಬದ ಆಚೆ ಕರೆದುಕೊಂಡು ಹೋದರು. ಬೆಲೆಯನ್ನು ಚೆನ್ನಾಗಿ ಇಳಿಸಿಕೊಂಡೇ ಬಂದರು. ಬಂದು ನನ್ನ ಬೆನ್ನು ತಟ್ಟಿದರು.

"ಬಹಳ ಒಳ್ಳೆಯ ಕೈ. ಮುಂದೆ ಯಾರ ಹತ್ತಿರವೂ ಇದನ್ನು ಹೇಳಬೇಡಿ, ಆಯಿತಾ?"

ಮ್ಯಾನೇಜರನ್ನು ಕಂಡರೆ ನನಗಿದ್ದದ್ದು ಬರೀ ಅಸಹ್ಯ. ಆದರೆ ಈ ವ್ಯಾಪಾರಿ ಮುಟ್ಟಿದ ಅಂಗಿಯನ್ನು ಮನೆಗೆ ಹೋದವನೇ ಬಿಚ್ಚಿ ಕಸಕ್ಕೆ ಹಾಕಿದೆ. ಸುಳ್ಳು ಹೇಳುವವನಿಗೆ ಭಯವಾದರೂ ಇರುತ್ತದೆ. ಸತ್ಯವನ್ನು ಅಗ್ಗದಲ್ಲಿ ಕೊಂಡು ಜೇಬಿಗೆ ಹಾಕಿಕೊಳ್ಳುವವನಿಗೆ ಅದೂ ಇಲ್ಲ.

ಗ್ಯಾರೇಜಿನ ಮುಂದೆ ನನ್ನನ್ನು ಇಳಿಸುವಾಗ ಮ್ಯಾನೇಜರು, "ನಾಳೆ ಪಾಸ್‌ಪೋರ್ಟ್ ತಕೊಂಡು ಆಫೀಸಿಗೆ ಬಾ" ಎಂದರು. ವೀಸಾ ಕ್ಯಾನ್ಸಲ್ ಮಾಡಲು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೆಂಡತಿ ಅಟ್ಟದಿಂದ ಸೂಟ್‌ಕೇಸು ಇಳಿಸಿ ಒದ್ದೆ ಬಟ್ಟೆಯಿಂದ ಒರಸಿದಳು. ಹೊರಡುವ ವಾರ ಮಗಳು ಫೋನು ಹಿಡಿದುಕೊಂಡು ಬಂದಳು. ಅಬುಧಾಬಿಯಲ್ಲಿ ಹಳೆಯ ಕಾರುಗಳ ಪ್ರದರ್ಶನ ನಡೆದಿತ್ತಂತೆ, ಯಾರೋ ಚಿತ್ರ ಹಾಕಿದ್ದರು. ಹುಲ್ಲಿನ ಮೇಲೆ ನಮ್ಮ ಉರುಟು ಮೂತಿಯ ಕಾರು, ಪಕ್ಕದಲ್ಲಿ ಒಂದು ಫಲಕ. ಅದರಲ್ಲಿ ಬಾಯ್ಲರಿನ ಕತೆ, ಅಳಿಯನ ಕತೆ, ಚಕ್ರವರ್ತಿ. ಕೊನೆಯ ಸಾಲನ್ನು ಮಗಳು ಇಂಗ್ಲಿಷಿನಲ್ಲಿ ಓದಿ, ನನಗಾಗಿ ಕನ್ನಡದಲ್ಲಿ ಹೇಳಿದಳು: "ಒಳಗಿನ ಸೀಟು ಪ್ಯಾರಿಸಿನದು, ಇಂದಿಗೂ ಯಾರೂ ಬಿಚ್ಚಿಲ್ಲ."

ಆಮೇಲೆ ಕೇಳಿದಳು, "ಸೋ ವಾಟ್ ವಾಸ್ ದ ಯೂಸ್, ಪಪ್ಪಾ?"

ಉಪಯೋಗ ಏನೂ ಇರಲಿಲ್ಲ. ಅವಳಿಗೆ ಹಾಗೆಯೇ ಹೇಳಿದೆ. ನನ್ನ ಕೆಲಸ ನನ್ನದು ಎಂದು ಒಬ್ಬನ ಎದುರಾದರೂ ಹೇಳಿದೆ, ಅಷ್ಟೆ. ಅದಕ್ಕೆ ಅವಳ ಶಾಲೆ ಹೋಯಿತು. ಇನ್ನೊಮ್ಮೆ ಕೇಳಿದರೂ ನಾನು ಅದನ್ನೇ ಹೇಳುತ್ತೇನೆ ಎಂದು ಅವಳ ತಾಯಿಗೆ ಗೊತ್ತಿದೆ. ಆ ಸಿಟ್ಟು ಹೆಂಡತಿಗೆ ಇನ್ನೂ ಇಳಿದಿಲ್ಲ.

ಅವರಿಬ್ಬರೂ ಊರಿಗೆ ಹೋದರು. ಮಗಳು ಸುರತ್ಕಲ್ಲಿನಲ್ಲಿ ಒಂಬತ್ತನೇ ಕ್ಲಾಸನ್ನು ಮೊದಲಿನಿಂದ ಓದಿದಳು. ನಾನು ತಿಂಗಳೊಳಗೆ ಅಜ್ಮಾನಿನಲ್ಲಿ ಸೋಫಾ ಹೊಲಿಯುವ ಅಂಗಡಿಯ ವೀಸಾ ಹಿಡಿದೆ. ಸಂಬಳ ಕಡಿಮೆ, ಅದರ ಮೇಲೆ ಸಂಸಾರ ತರಲು ಆಗುವುದಿಲ್ಲ.

ಈಗ ನನ್ನ ಹತ್ತಿರ ಇರುವುದು: ಹೊಲಿಗೆ ಯಂತ್ರ ಒಂದು, ಬಾಗಿದ ಸೂಜಿ ಆರು, ಕತ್ತರಿ ಎರಡು, ನಾಲ್ಕು ಜನರ ರೂಮಿನಲ್ಲಿ ಮಂಚ ಒಂದು. ಊರಿನಲ್ಲಿ ಹೆಂಡತಿ, ಮಗಳು. ವರ್ಷಕ್ಕೆ ಒಂದು ತಿಂಗಳ ರಜೆ.