ಹುಕ್ಕೇರಿ ಬಸ್ಸಿನ ಬಾಗಿಲು

ತೊಂಬತ್ತರ ದಶಕದಲ್ಲಿ ಗೋಕಾಕದ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದ ಮೇಡಂ ಮಾತುಮಾತಿಗೂ, "ತಿಳೀತೇನ್ರೆಪಾ?" ಎನ್ನುತ್ತಿದ್ದರು. ತಿಳಿಯದಿದ್ದರೂ ನಾವು "ಹೂನ್ರೀ" ಎನ್ನುತ್ತಿದ್ದೆವು.

ಒಂದು ದಿನ ಸ್ನಾಯುಕೋಶದೊಳಗಿನ ಮೈಟೊಕಾಂಡ್ರಿಯದ ಚಿತ್ರ ಬರೆದು, ಅದರ ಗೋಡೆಗೆ ಸಣ್ಣ ಬಾಗಿಲುಗಳನ್ನು ಬಿಡಿಸಿದರು.

"ಇವು ಸಾಗಣೆ ಪ್ರೋಟೀನು. ಬಸ್ಸಿನ ಬಾಗಲದಾಗ ಕಂಡಕ್ಟರ್ ನಿಂತಂಗ. ಇವು ಒಳಗ ಬಿಟ್ರನ ಉಂಡದ್ದು ಶಕ್ತಿ ಆಗತೈತಿ, ಎಳೀ ಸ್ನಾಯು ಬಲೀತೈತಿ. ತಿಳೀತೇನ್ರೆಪಾ?"

ನಾನು ಎದ್ದು, "ಕಂಡಕ್ಟರ್ ಇಲ್ಲಂದ್ರ ಏನಾಗತೈತ್ರಿ ಮೇಡಂ?" ಎಂದೆ.

ಹುಡುಗರು ನಕ್ಕರು. ಮೇಡಂ ನಗಲಿಲ್ಲ. ಒಂದು ಬಾಗಿಲನ್ನು ಅಳಿಸಿದರು, ಮತ್ತೆ ಬರೆದರು, ಮತ್ತೆ ಅಳಿಸಿದರು. ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಟೇಹೋದರು. ಕೇಳಬಾರದ್ದೇನು ಕೇಳಿದೆನೋ ತಿಳಿಯದೆ ನಾನು ನಿಂತೇ ಇದ್ದೆ.

ಆ ಶನಿವಾರ ಅವರನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ನನ್ನದೇ ವಯಸ್ಸಿನ ಮಗಳನ್ನು ಬೆನ್ನಮೇಲೆ ಹೊತ್ತಿದ್ದರು. ಸ್ನಾಯು ಬಲಿಯದ ಅವಳ ಸಣಕಲು ಕಾಲುಗಳು ಜೋತಾಡುತ್ತಿದ್ದವು. ಹುಕ್ಕೇರಿ ಬಸ್ಸು ಬಂದೊಡನೆ, ಎಲ್ಲರ ಹಾಗೆ ಅವರೂ ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿದರು. ಆದರೆ ಬಾಗಿಲಲ್ಲಿ ಜನ ನೂಕಾಡುತ್ತಿದ್ದರು, ಒಳಗೆ ಹೋಗುವುದೇ ಆಗಲಿಲ್ಲ. ಕಡೆಗೆ ಕಂಡಕ್ಟರ್ ಜನರನ್ನು ಸರಿಸಿ, "ಇತ್ತಾಗ ಕೊಡ್ರಿ ಅಕ್ಕಾರ" ಎಂದು ಮಗಳನ್ನು ಎತ್ತಿಕೊಂಡ.

ಮೆಟ್ಟಿಲೇರಿದ ಮೇಡಂ ತಿರುಗಿ ನನ್ನನ್ನು ನೋಡಿದರು. ಅವರು ಏನೂ ಕೇಳಿರಲಿಲ್ಲ. ಆದರೂ ಗಲಿಬಿಲಿಯಲ್ಲಿ, ರೂಢಿಯಂತೆ, "ಹೂನ್ರೀ" ಎಂದುಬಿಟ್ಟೆ.

"ತಿಳೀತು? ಖರೇನ?" ಎಂದರು ಮೇಡಂ. "ಹಂಗಾರ ನನಗೂ ಒಂದೀಟು ಹೇಳವಾ."