ಹಿಮ್ಮಡಿಯ ಕಪ್ಪು ಕಲೆ

"ಅಕ್ಕಾರೆ, ಈ ಕಪ್ಪು ಎಷ್ಟು ದಿನದಿಂದ ಐತ್ರೀ?" ಶಿಕಾರಿಪುರ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಮಾರುವ ಹೆಂಗಸು ನನ್ನ ಹಿಮ್ಮಡಿ ಹಿಡಿದುಕೊಂಡೇ ಕೇಳಿದರು. ಮುಳ್ಳು ಚುಚ್ಚಿದ ಕಲೆಯಿರಬೇಕೆಂದು ನಾನು ಒಂದು ವರ್ಷದಿಂದ ಸುಮ್ಮನಿದ್ದೆ.

"ನಮ್ಮ ಯಜಮಾನರಿಗೂ ಹಿಂಗೇ ಶುರುವಾಗಿತ್ತು. ನಾವು ತಡ ಮಾಡಿ ಅವರನ್ನ ಕಳ್ಕೊಂಡ್ವಿ. ನೀವು ಮೊದಲು ಚರ್ಮದ ಡಾಕ್ಟರಿಗೆ ತೋರಿಸ್ರಿ. ಚಪ್ಪಲಿ ಆಮೇಲೆ ಒಯ್ಯೋರಂತೆ," ಎಂದು ನಾನು ಆರಿಸಿದ್ದ ಜೋಡಿಯನ್ನು ಒಳಗಿಟ್ಟುಬಿಟ್ಟರು.

ಮರುದಿನವೇ ಶಿವಮೊಗ್ಗಕ್ಕೆ ಹೋದೆ. ಚೂರು ಚರ್ಮ ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ತಿಳಿಯಿತು. ಪುಣ್ಯಕ್ಕೆ ಬೇರೆಡೆ ಹರಡಿರಲಿಲ್ಲ. ಆಪರೇಷನ್ ಮಾಡಿ, ತೊಡೆಯ ಚರ್ಮವನ್ನು ಹಿಮ್ಮಡಿಗೆ ಹಾಕಿದರು.

ಈಗ ಸ್ವಲ್ಪ ಕುಂಟುತ್ತೇನೆ. ಆದರೆ ನಾಟಿ ಮುಗಿಸಿ ಹೆಂಗಸರೆಲ್ಲ ಕಾಲು ತೊಳೆಯುವಾಗ ಒಬ್ಬೊಬ್ಬರ ಅಂಗಾಲನ್ನೂ ತಿರುಗಿಸಿ ನೋಡುತ್ತೇನೆ. ನಾಚಿಕೊಂಡು ಕಾಲು ಎಳೆದುಕೊಳ್ಳುವವರನ್ನೂ ಬಿಡುವುದಿಲ್ಲ.