ಕೊಟ್ಟ ಹೆಣ್ಣುಮಕ್ಕಳ ಕಾಯಿಲೆ

ಮೊದಲು ಬಂದದ್ದು ಸೊಂಟನೋವು. ಭಟ್ಕಳ, ಹೊನ್ನಾವರ, ಕುಮಟೆ ಎಂದು ದಿನವಿಡೀ ಟೆಂಪೋ ಓಡಿಸುವವನಿಗೆ ಸೊಂಟ ನೋಯದೆ ಇನ್ನೇನು ನೋಯುತ್ತದೆ? ಸೀಟಿನ ಮೇಲೆ ದಿಂಬು ಹಾಕಿಕೊಂಡೆ. ಮೂತ್ರಕ್ಕೆಂದು ಪದೇ ಪದೇ ಗಾಡಿ ನಿಲ್ಲಿಸತೊಡಗಿದಾಗ ಪ್ರಯಾಣಿಕರು ಗೊಣಗಿದರು. ಐವತ್ತು ದಾಟುತ್ತಲೇ ಮುದುಕನಾದೆನಾ ಎಂದು ನಾನೇ ನಕ್ಕೆ.

ಪ್ರೊಸ್ಟೇಟ್ ಕ್ಯಾನ್ಸರ್. ಮೂಳೆಗೂ ಹೋಗಿದೆ.

ಮಂಗಳೂರಿನ ಡಾಕ್ಟರು ಇದನ್ನು ಹೇಳುವಾಗ ಪಕ್ಕದಲ್ಲಿ ಅಣ್ಣ ಕುಳಿತಿದ್ದ. ನಮ್ಮಲ್ಲಿ ಕಾಯಿಲೆ ಯಾರದೇ ಇರಲಿ, ಡಾಕ್ಟರ ಮುಂದೆ ಮಾತಾಡುವವನು ಮನೆಯ ಹಿರಿಯ.

"ಮನೆಯಲ್ಲಿ ಬೇರೆ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ?" ಎಂದು ಡಾಕ್ಟರು ಕೇಳಿದರು.

"ಇಲ್ಲ ಡಾಕ್ಟ್ರೇ. ನಮ್ಮನೇಲಿ ಅಂಥದ್ದು ಎಂತದೂ ಇಲ್ಲ," ಎಂದ ಅಣ್ಣ.

ಹಾರ್ಮೋನ್ ಇಂಜೆಕ್ಷನ್ ಶುರುವಾಯಿತು. ಮೈಯೆಲ್ಲ ಬಿಸಿಯೇರಿ ಬೆವರು. ತೋಳಿನಲ್ಲಿ ಬಲವಿಲ್ಲ. ಟೆಂಪೋ ಬೇರೆಯವರ ಕೈಗೆ ಹೋಯಿತು. ಇಷ್ಟೆಲ್ಲ ಸಹಿಸಿದರೂ ವರ್ಷ ತುಂಬುವ ಮೊದಲೇ, ರಕ್ತದಲ್ಲಿ ಈ ಕ್ಯಾನ್ಸರಿನ ಏರಿಳಿತ ತೋರಿಸುವ ಪಿಎಸ್‌ಎ ಮತ್ತೆ ಏರಿತು. ಡಾಕ್ಟರು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು, ಹೆಂಗಸರಿಗೂ ಆಗಿಲ್ಲವೇ ಎಂದರು. ಅಣ್ಣ ಬಾಯಿ ತೆರೆಯುವಷ್ಟರಲ್ಲಿ, ಬಾಗಿಲ ಬಳಿ ನಿಂತಿದ್ದ ನನ್ನ ಹೆಂಡತಿ ಲಲಿತಾ ಮುಂದೆ ಬಂದಳು.

"ಇವರ ಅಕ್ಕ, ತಂಗಿ ಇಬ್ಬರೂ ಎದೆ ಕ್ಯಾನ್ಸರಲ್ಲೇ ಹೋದದ್ದು. ಅಕ್ಕ ಬಾಡದಲ್ಲಿ, ತಂಗಿ ಹೆಬಳೆಯಲ್ಲಿ, ಗಂಡನ ಮನೆಯಲ್ಲೇ."

"ಅವ್ರು ಕೊಟ್ಟ ಹೆಣ್ಮಕ್ಳಲ್ವಾ," ಎಂದ ಅಣ್ಣ. "ಅದು ಅವರವರ ಮನೆ ಕಾಯಿಲೆ."

ಅವನು ಸುಳ್ಳು ಹೇಳಿರಲಿಲ್ಲ. ಹಾಗೆಂದೇ ನಂಬಿದ್ದ. ನನಗೆ ಸಿಟ್ಟು ನೆತ್ತಿಗೇರುವುದು ಅದಕ್ಕೇ. ಧಾರೆಯೆರೆದು ಕೊಟ್ಟ ಮೇಲೆ ಅವರು ಬೇರೆ ಮನೆಯವರು. ಸತ್ತಾಗ ನಮ್ಮನೆಯಲ್ಲಿ ಪೂರ್ತಿ ಸೂತಕವನ್ನೂ ಹಿಡಿಯಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ರಕ್ತ ಮಂಟಪದಲ್ಲಿ ಬದಲಾಗಿಬಿಡುತ್ತದೆಯೇ?

ನನ್ನ ರಕ್ತ ಜೆನೆಟಿಕ್ ಟೆಸ್ಟಿಗೆ ಹೋಯಿತು. ಬಿಆರ್‌ಸಿಎ-೨ ಎಂಬ ಜೀನಿನಲ್ಲಿ ಮ್ಯುಟೇಶನ್. ಹಾಳಾದ ಡಿಎನ್‌ಎ ರಿಪೇರಿ ಮಾಡಬೇಕಾದ ಜೀನೇ ಹುಟ್ಟಿನಿಂದ ಕೆಟ್ಟಿದೆ, ಅಪ್ಪನಿಂದಲೋ ಅಮ್ಮನಿಂದಲೋ ಬಂದದ್ದು, ಇಂಥವರಲ್ಲಿ ಕಾಯಿಲೆಯ ಓಟ ಜೋರು, ಆದರೆ ಇಂಥವರಿಗೆಂದೇ ಒಂದು ಮಾತ್ರೆಯೂ ಇದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಒಡಹುಟ್ಟಿದವರು, ಅವರ ಮಕ್ಕಳು ಎಲ್ಲರೂ ಟೆಸ್ಟ್ ಮಾಡಿಸಬೇಕು ಎಂದರು.

ರೈಲಿನಲ್ಲಿ ವಾಪಸು ಬರುವಾಗ ಅಣ್ಣ ಮೆಲ್ಲಗೆ ಹೇಳಿದ: "ಹೆಬಳೆಗೆ ಹೇಳೂಕೆ ಹೋಗ್ಬೇಡ. ಶ್ವೇತಂಗೆ ಗಂಡು ನೋಡ್ತಾ ಇದ್ದಾರೆ. ಸುದ್ದಿ ಹಬ್ಬಿದ್ರೆ ಯಾರು ಮದುವೆ ಆಗ್ತಾರೆ?"

"ಸತ್ರೆ ಯಾರು ಮದುವೆ ಆಗ್ತಾರೆ?" ಎಂದೆ.

ಶ್ವೇತಾ ತಂಗಿಯ ಮಗಳು. ನಮಗೆ ಮಕ್ಕಳಿಲ್ಲ, ಲಲಿತಾ ಎತ್ತಿ ಆಡಿಸಿದ ಕೂಸು ಅವಳು. ಮರುದಿನವೇ ಹೆಬಳೆಗೆ ಹೋಗಿ ಎಲ್ಲ ಹೇಳಿದೆ. ಅವಳು ಅಳಲಿಲ್ಲ.

"ಅಮ್ಮಂಗೆ ಗಂಟು ಬಂದಾಗ, ದೊಡ್ಡಮ್ಮ ಅದರಲ್ಲೇ ಹೋದದ್ದು ನಿಮ್ಗೆಲ್ಲ ಗೊತ್ತಿತ್ತಲ್ಲ ಮಾವ. ಡಾಕ್ಟ್ರ ಹತ್ರ ಎಂತಕ್ಕೆ ಯಾರೂ ಹೇಳ್ಲಿಲ್ಲ?"

ನಾನೇ ಅವಳನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ಟೆಸ್ಟ್ ಮಾಡಿಸಿದೆ.

ಅವಳಲ್ಲೂ ಮ್ಯುಟೇಶನ್ ಇದೆ. ಸ್ಕ್ಯಾನಿನಲ್ಲಿ ಸದ್ಯಕ್ಕೆ ಏನೂ ಕಂಡಿಲ್ಲ, ಪ್ರತಿ ವರ್ಷ ನೋಡುತ್ತಾರಂತೆ. ಹೆಣ್ಣು ನೋಡಲು ಬಂದವರಿಗೆ ತಾನೇ ಬಾಯಿಬಿಟ್ಟು ಹೇಳಿದ್ದಾಳೆ. ಅವರು ತಿರುಗಿ ಬಂದಿಲ್ಲ. "ಹೋಗ್ಲಿ, ಈಗ್ಲೇ ಗೊತ್ತಾತು," ಎಂದಳು.

ಮಾತ್ರೆ ನನಗೆ ಹಿಡಿಸಿದೆ. ಸುಸ್ತು ಬಿಟ್ಟಿಲ್ಲ, ರಕ್ತ ಕಡಿಮೆಯಾಗುತ್ತದೆ, ಆದರೂ ಪಿಎಸ್‌ಎ ಇಳಿದಿದೆ, ಕುಳಿತು ಉಣ್ಣಬಲ್ಲೆ. ಎಷ್ಟು ಕಾಲ ಎಂದು ಡಾಕ್ಟರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಲಲಿತಾ ಅಂದು ಬಾಯಿ ಮುಚ್ಚಿಕೊಂಡಿದ್ದರೆ ಇದೂ ಇರುತ್ತಿರಲಿಲ್ಲ.

ಅಣ್ಣ ಮಾತ್ರ ಇನ್ನೂ ಟೆಸ್ಟಿಗೆ ರಕ್ತ ಕೊಟ್ಟಿಲ್ಲ. ದಿನಾ ಫೋನ್ ಮಾಡುತ್ತೇನೆ. ಎತ್ತಿದ ದಿನ ಬೈದಾಡುತ್ತೇವೆ. ಎತ್ತದ ದಿನ ಲಲಿತಾಳನ್ನು ಅವನ ಮನೆಗೆ ಅಟ್ಟುತ್ತೇನೆ. ಅವನ ಮೇಲಿನ ನನ್ನ ಸಿಟ್ಟು ತೀರುವಂಥದ್ದಲ್ಲ. ಅದನ್ನು ಕೇಳಿಸಿಕೊಳ್ಳಲಿಕ್ಕಾದರೂ ಅವನು ಬದುಕಿರಬೇಕು.